ಹೌದು, ದಂಡವೇ!

ಇವತ್ತಿನ ಸಮಾಧಿ ಆರಾಧನೆಗೆ, ಅಂದರೆ ನಮ್ಮ ಕ್ರೈಸ್ತರ ಶವಸಂಸ್ಕಾರದ ಪ್ರಾರ್ಥನೆಗೆ, ನನ್ನ ನಾಸ್ತಿಕ ಗೆಳೆಯನೂ ಬಂದಿದ್ದ. ಪಕ್ಕದ ಅಜ್ಜಿಗೆ ಅಕ್ಷರ ಕಾಣುತ್ತಿಲ್ಲ ಅಂತ ಮೊಬೈಲ್ ಟಾರ್ಚ್ ಹಾಕಿ ಪ್ರಾರ್ಥನೆಯ ಹಾಡಿನ ಪುಸ್ತಕದ ಮೇಲೆ ಹಿಡಿದಿದ್ದ. ತಾನು ಮಾತ್ರ ತುಟಿ ಬಿಚ್ಚಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದ, "ಸತ್ತ ಮೇಲೆ ಏನೂ ಇಲ್ಲ ಅಂದ್ರೆ ನಿಮ್ಮ ನಂಬಿಕೆಯೆಲ್ಲ ದಂಡ ಅಲ್ವಾ?"

ಹೌದು, ದಂಡವೇ ಅಂದೆ.

ಪಾಪ, ವಾದಕ್ಕೆ ರೆಡಿಯಾಗಿದ್ದ!

ಬೈಬಲ್‌ನಲ್ಲಿ ಅಪೊಸ್ತಲ ಪೌಲ ಕೊರಿಂಥದ ಕ್ರೈಸ್ತರಿಗೆ ಬರೆದದ್ದೂ ಇದನ್ನೇ, ಮೊದಲ ಪತ್ರದ 15ನೇ ಅಧ್ಯಾಯದಲ್ಲಿ. ಕ್ರಿಸ್ತ ಸಾವಿನಿಂದ ಎದ್ದಿಲ್ಲ ಅಂದರೆ ನಮ್ಮ ನಂಬಿಕೆ ವ್ಯರ್ಥ, ನಮ್ಮಷ್ಟು ನಿರ್ಭಾಗ್ಯರು ಬೇರೆ ಯಾರೂ ಇಲ್ಲ ಅಂತ. ಸುಮ್ನೆ ಸಮಾಧಾನಕ್ಕೆ ಕಟ್ಟಿದ ಕಥೆಯಾಗಿದ್ದರೆ ಇಷ್ಟು ದೊಡ್ಡ ಪಣ ಒಡ್ಡುತ್ತಿದ್ದನಾ?

ಎದ್ದ ಅಂತ ನಾನು. ಇಲ್ಲ ಅಂತ ಅವನು. ಎಲ್ಲ ನಿಂತಿರುವುದು ಆ ಒಂದೇ ಪ್ರಶ್ನೆಯ ಮೇಲೆ ಅನ್ನುವುದನ್ನು ಮಾತ್ರ ಇಬ್ಬರೂ ಒಪ್ಪಿದೆವು. ಉಳಿದ ವಾದಕ್ಕೆ ಭಾನುವಾರ ಫೋನ್ ಮಾಡುತ್ತಾನಂತೆ.