ಪುಟ್ಟ ಸಿಎನ್‌ಸಿ, 4ನೇ ವಾರ: ಅಳತೆ ಎಲ್ಲಿಂದ ಹಿಡಿಯಬೇಕಿತ್ತು

ನಾನು ಕಟ್ಟುತ್ತಿರುವ ಪುಟ್ಟ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೆಲಸ ಮಾಡುವ ಮೆಷಿನ್, ಅದರ ಎಕ್ಸ್ ಆಕ್ಸಿಸ್ (ಒಂದು ದಿಕ್ಕಿನಲ್ಲಿ ಓಡುವ ಭಾಗ) ಜೋಡಿಸಿಯಾಯಿತು. ಕೈಯಲ್ಲಿ ತಿರುಗಿಸಿದರೆ ಲೀಡ್ ಸ್ಕ್ರೂ (ತಿರುಗಿ ನಟ್ಟನ್ನು ಹಿಂದೆ ಮುಂದೆ ಓಡಿಸುವ ಉದ್ದ ಸ್ಕ್ರೂ) ಮಧ್ಯದಲ್ಲಿ ಸಲೀಸಾಗಿ ಓಡುತ್ತದೆ, ನಟ್ ಮೋಟಾರ್ ಹತ್ತಿರ ಬಂತೋ, ಗಪ್ ಅಂತ ಹಿಡಿದುಕೊಳ್ಳುತ್ತದೆ. ಎಣ್ಣೆ ಬಿಟ್ಟೆ. ರೈಲ್ ಸ್ಕ್ರೂಗಳನ್ನು ಸಡಿಲ ಮಾಡಿ ನೋಡಿದೆ. ಎರಡು ಸಂಜೆ ಸುಮ್ನೆ ಹಾಳು.

ತಪ್ಪು ನನ್ನ ಡ್ರಾಯಿಂಗ್‌ನಲ್ಲೇ ಇತ್ತು. ನೀಮಾ 17 (ಮೋಟಾರ್ ಮುಖದ ಒಂದು ಸ್ಟ್ಯಾಂಡರ್ಡ್ ಸೈಜ್) ಮೋಟಾರ್ ಕೂರುವ ಎಲ್ ಆಕಾರದ ಅಲ್ಯೂಮಿನಿಯಂ ಬ್ರಾಕೆಟ್ ಅದು. ಮೋಟಾರ್ ಮುಖದಲ್ಲಿ 22 ಎಂಎಂ ಉಬ್ಬು ಇರುತ್ತದಲ್ವಾ, ಅದು ಕೂರುವ ತೂತಿನ ಸೆಂಟರ್ ಬೇಸ್ ಪ್ಲೇಟ್‌ನಿಂದ 30 ಎಂಎಂ ಎತ್ತರದಲ್ಲಿರಬೇಕು. ನಾನು ಒಟ್ಟು ಎತ್ತರ 55 ಅಂತ ಹಾಕಿ, ತೂತಿಗೆ ಮೇಲಂಚಿನಿಂದ 25 ಅಂತ ಬರೆದಿದ್ದೆ. ಸ್ಕ್ರೀನ್ ಮೇಲೆ ಅಲ್ಲಿ ಜಾಗ ಖಾಲಿ ಇತ್ತು, ಅಷ್ಟೇ ಕಾರಣ! ಟಾಲರೆನ್ಸ್‌ಗೆ, ಅಂದರೆ ಅಳತೆ ಎಷ್ಟು ಆಚೀಚೆ ಆದರೂ ನಡೆಯುತ್ತದೆ ಅನ್ನೋದಕ್ಕೆ, ಕೆಳಗೆ ಒಂದು ಸಾಲು, ಐಎಸ್‌ಒ 2768 ಮೀಡಿಯಂ (ಬೇರೆ ಟಾಲರೆನ್ಸ್ ಬರೆಯದ ಅಳತೆಗಳಿಗೆಲ್ಲ ಅನ್ವಯಿಸುವ ಸ್ಟ್ಯಾಂಡರ್ಡ್). ಅದರಲ್ಲಿ 55ಕ್ಕೆ ±0.3, 25ಕ್ಕೆ ±0.2, ಅಂದರೆ ಎರಡೂ ಸೇರಿ ಸೆಂಟರ್ 0.5 ಎಂಎಂ ತನಕ ಮೇಲೆ ಕೆಳಗೆ ಹೋಗಬಹುದು. ವರ್ಕ್‌ಶಾಪ್‌ನಿಂದ ಬಂದಿದ್ದು 55.25 ಮತ್ತು 24.9. ಎರಡೂ ಟಾಲರೆನ್ಸ್ ಒಳಗೇ ಇವೆ. ಸೆಂಟರ್ ಮಾತ್ರ 30.35. ಮೋಟಾರ್ ಕಡೆ ಸ್ಕ್ರೂ ಅಷ್ಟು ಮೇಲೆ ನಿಂತಿದ್ದಕ್ಕೇ ನಟ್ ಅಲ್ಲಿ ಹಿಡಿಯುತ್ತಿದ್ದದ್ದು. ಅವರನ್ನು ಬೈಯೋಕೂ ದಾರಿಯಿಲ್ಲ.

ಆ ಮೇಲಂಚು ಮೆಷಿನ್‌ನಲ್ಲಿ ಯಾವುದಕ್ಕೂ ತಾಗುವುದೇ ಇಲ್ಲ. ಬ್ರಾಕೆಟ್ ಕೂರುವುದು ಅಡಿಯ ಮೇಲೆ. ಹಾಗಾಗಿ ಹೊಸ ಡ್ರಾಯಿಂಗ್‌ನಲ್ಲಿ ಅಡಿಯೇ ಡೇಟಮ್ ಎ (ಡೇಟಮ್ ಅಂದರೆ ಅಳತೆ ಹಿಡಿಯುವ ಮೂಲ), ಬೇಸ್ ಪ್ಲೇಟ್‌ನ ಎರಡು ಡೋವೆಲ್ ಪಿನ್‌ಗೆ ಒತ್ತಿ ನಿಲ್ಲುವ ಪಕ್ಕದ ಅಂಚು ಬಿ, ಮೂರನೇ ಪಿನ್‌ಗೆ ತಾಗುವ ಮುಂದಿನ ಮುಖ ಸಿ. ಎ ಮೇಲೆ ಮೂರು ಬಿಂದು, ಬಿ ಮೇಲೆ ಎರಡು, ಸಿ ಮೇಲೆ ಒಂದು. ಇಷ್ಟಾದರೆ ಬ್ರಾಕೆಟ್ ಅಲುಗಾಡೋಕೆ ದಾರಿಯೇ ಉಳಿಯುವುದಿಲ್ಲ. 30 ಈಗ ಚೌಕದೊಳಗೆ, ಅಂದರೆ ಅದಕ್ಕೆ ಸ್ವಂತ ± ಇಲ್ಲ. ಬದಲಿಗೆ ತೂತಿಗೆ ಪೊಸಿಷನ್ ಟಾಲರೆನ್ಸ್ ವ್ಯಾಸ 0.1, ಸೆಂಟರ್ ಅಷ್ಟು ವ್ಯಾಸದ ವಲಯದೊಳಗೇ ಇರಬೇಕು.

ಇಲ್ಲೂ ಒಮ್ಮೆ ಎಡವಿದೆ. ಡೇಟಮ್ ಎ ತೋರಿಸುವ ಗುರುತಿನ ತ್ರಿಕೋನವನ್ನು ಅಡಿಯ ದಪ್ಪ ತೋರಿಸುವ 10ರ ಡೈಮೆನ್ಷನ್ ಗೆರೆಗೆ ನೇರವಾಗಿ ಇಟ್ಟುಬಿಟ್ಟಿದ್ದೆ. ಹಾಗೆ ಇಟ್ಟರೆ ಡೇಟಮ್ ಅಡಿಯ ಮೈ ಅಲ್ಲ, ಆ ದಪ್ಪದ ನಟ್ಟನಡುವಿನ ಪ್ಲೇನ್ ಆಗುತ್ತದೆ! ಮೈಯೇ ಬೇಕು ಅಂದರೆ ತ್ರಿಕೋನವನ್ನು ಆ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ಇಡಬೇಕು. ಪ್ರಿಂಟ್ ಕೊಡುವ ಮುಂಚೆ ಗೆಳೆಯನೊಬ್ಬ ನೋಡಿ ಹೇಳಿದ, ಬಚಾವ್.

ನಿನ್ನೆ ಹೊಸ ಬ್ರಾಕೆಟ್ ಬಂತು. ಅಳೆಯೋಕೆ ಒಂದು ಉಪಾಯ ಮಾಡಿದೆ. 608 ಬೇರಿಂಗ್‌ನ ಹೊರ ವ್ಯಾಸವೂ 22 ಎಂಎಂ, ಅದನ್ನೇ ತೂತಿಗೆ ಅರ್ಧ ತೂರಿಸಿ, ಬ್ರಾಕೆಟ್ಟನ್ನು ಸರ್ಫೇಸ್ ಪ್ಲೇಟ್ (ಅಳತೆಗೆಂದೇ ಇರುವ ಸಮತಟ್ಟು ಪ್ಲೇಟ್) ಮೇಲಿಟ್ಟು, ಬೇರಿಂಗ್ ನೆತ್ತಿಗೆ ಹೈಟ್ ಗೇಜ್ ತಾಗಿಸಿದೆ. 30ಕ್ಕೆ ಬೇರಿಂಗ್‌ನ ಅರ್ಧ 11 ಸೇರಿ 41 ಬರಬೇಕು, 40.98 ಬಂತು. ಜೋಡಿಸಿದೆ. ಈ ತುದಿಯಿಂದ ಆ ತುದಿಗೆ ಎಲ್ಲೂ ಹಿಡಿಯದೆ ಓಡಿತು.

ಆಮೇಲೆ ಸ್ಕ್ರೂವಿನ ಇನ್ನೊಂದು ತುದಿ ಹಿಡಿಯುವ ಬೇರಿಂಗ್ ಬ್ಲಾಕ್‌ನ ಹಳೇ ಡ್ರಾಯಿಂಗ್ ತೆಗೆದು ನೋಡಿದರೆ ಅಲ್ಲೂ ಮೇಲಂಚಿನಿಂದಲೇ ಅಳತೆ. ಅದು 30.02ಕ್ಕೆ ಬಂದು ಕೂತಿದ್ದು ಬರೀ ಅದೃಷ್ಟ. ವೈ ಆಕ್ಸಿಸ್‌ಗೆ ಇನ್ನೆರಡು ಬ್ಲಾಕ್ ಬೇಕು, ಅದಕ್ಕೆ ಮುಂಚೆ ಆ ಹಾಳೆ ಬದಲಾಗಬೇಕು.