ಪ್ಲೇಟಿನ ಶ್ರುತಿ ಸಿಕ್ಕಿತು, ಮುಕ್ಕಾಲು ಪಾಲು

ನಮ್ಮ ಕೇಳುಗರ ಕೂಟದ ಮುಂದಿನ ಬೈಠಕ್ಕಿಗೆ ಎರಡು ಹಳೆಯ ಗ್ರಾಮಫೋನ್ ಪ್ಲೇಟುಗಳ ಡಿಜಿಟಲ್ ಪ್ರತಿ ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದೆ. ಒಂದು, ಲಂಡನ್ನಿನ ಟೆಂಪಲ್ ಚರ್ಚಿನ ಗಾಯಕವೃಂದ 1927ರಲ್ಲಿ ಹಾಡಿದ, ಜರ್ಮನ್ ಸಂಗೀತಕಾರ ಮೆಂಡೆಲ್ಸನ್ನನ ‘ಹಿಯರ್ ಮೈ ಪ್ರೇಯರ್’ ಎಂಬ ಪ್ರಾರ್ಥನಾಗೀತೆ. ಇನ್ನೊಂದು, ಕೂಟದ ಹಿರಿಯರೊಬ್ಬರ ಮನೆಯ ಅಟ್ಟದಿಂದ ಇಳಿದುಬಂದ, ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಒಂದೇ ಬದಿಯ ಪ್ಲೇಟು. ತೊಳೆಯುವುದು, ಮುಳ್ಳು ಆರಿಸುವುದು, ಚಟಪಟ ಸದ್ದು ತೆಗೆಯುವುದು ಎಲ್ಲವೂ ನಿಮಗೆ ಗೊತ್ತಿರುವ ಕೆಲಸಗಳೇ. ಸ್ಪಿರಿಟ್ ಸೋಕಿದರೆ ಪ್ಲೇಟಿನ ಅರಗು ಕರಗುತ್ತದೆ ಎಂಬುದನ್ನು ಹೊಸಬರಿಗಾಗಿ ನೆನಪಿಸಿ, ನನ್ನ ನಿದ್ದೆಗೆಡಿಸಿದ ಒಂದೇ ವಿಷಯಕ್ಕೆ, ಅಂದರೆ ವೇಗಕ್ಕೆ, ಬರುತ್ತೇನೆ.

ಇಂತಹ ಪ್ಲೇಟುಗಳ ರೂಢಿಯ ವೇಗ ನಿಮಿಷಕ್ಕೆ 78 ಸುತ್ತು. ಅದನ್ನು ನೋಡಲು ತರಿಸಿದ ಸ್ಟ್ರೋಬ್ ಚಕ್ರದಿಂದಲೇ, ಅಂದರೆ ಟರ್ನ್‌ಟೇಬಲ್ ಮೇಲಿಟ್ಟು ಕರೆಂಟಿನ ಲಯಕ್ಕೆ ಮಿನುಗುವ ದೀಪದ ಕೆಳಗೆ ನೋಡುವ ಗೆರೆಗಳ ಚಕ್ರದಿಂದಲೇ, ತಕರಾರು ಆರಂಭವಾಯಿತು. ನಮ್ಮ ಐವತ್ತು ಸೈಕಲ್ (ಹರ್ಟ್ಸ್) ವಿದ್ಯುತ್ತಿಗೆ ಎಪ್ಪತ್ತೇಳು ಗೆರೆಗಳ ಚಕ್ರ ಬೇಕು; ಗೆರೆಗಳು ನಿಂತಂತೆ ಕಂಡರೆ ವೇಗ ನಿಮಿಷಕ್ಕೆ 77.92 ಸುತ್ತು ಎಂದರ್ಥ. ‘ಎಲ್ಲ ದೇಶಗಳಿಗೂ ಹೊಂದುತ್ತದೆ’ ಎಂದು ಪ್ರಮಾಣ ಮಾಡಿದ ಮಾರಾಟಗಾರ ಮಹಾಶಯರು ಕಳಿಸಿದ್ದು ಅಮೆರಿಕದ ಅರವತ್ತು ಸೈಕಲ್‌ಗೆ ಮಾಡಿದ, ತೊಂಬತ್ತೆರಡು ಗೆರೆಗಳ ಚಕ್ರ. ಅದನ್ನು ನಮ್ಮ ದೀಪದ ಕೆಳಗೆ ನಂಬಿದರೆ ಟರ್ನ್‌ಟೇಬಲ್ 65 ಸುತ್ತಿಗೇ ಸರಿಯಾಗಿದೆಯೆಂದು ಸಾರುತ್ತದೆ. ಆಗ ಹಾರ್ಮೋನಿಯಂನ ಐದನೆಯ ಬಿಳಿ ಮನೆಯ (ಕೀಲಿಯ) ಶ್ರುತಿ ಮೂರನೆಯ ಬಿಳಿ ಮನೆಗೆ ಇಳಿಯುತ್ತದೆ, ಟೆಂಪಲ್ ಚರ್ಚಿನ ಪ್ಲೇಟಿನಲ್ಲಿ ಹಾಡಿರುವ ಹದಿನೈದು ವರ್ಷದ ಅರ್ನೆಸ್ಟ್ ಲಾಫ್ ಎಂಬ ಹುಡುಗ ಮೀಸೆ ಬಂದವನಂತೆ ಹಾಡುತ್ತಾನೆ. ಹಣ ಮರಳಿಸಿರೆಂದು ಬರೆದರೆ, ನಮ್ಮ ಮನೆಯ ಕರೆಂಟನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕೆಂಬ ಸಲಹೆ ಬಂತು! ಕೊನೆಗೆ ಎಪ್ಪತ್ತೇಳು ಗೆರೆಗಳ ಚಕ್ರವನ್ನು ನಾನೇ ಬರೆದು ಪ್ರಿಂಟ್ ತೆಗೆಸಿದೆ. ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಗೆರೆಗಳು ಕಲಸಿಹೋಗುತ್ತಿದ್ದವು; ಎಕ್ಸ್‌ಟೆನ್ಷನ್ ಬೋರ್ಡಿನ ಕೆಂಪು ನಿಯಾನ್ ಇಂಡಿಕೇಟರನ್ನು ಚಕ್ರದ ಅಂಚಿಗೆ ಹಿಡಿದಾಗ ಸ್ಪಷ್ಟವಾಗಿ ನಿಂತವು. ಸ್ಟ್ರೋಬ್ ದೀಪಕ್ಕೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಿ.

ಟೆಂಪಲ್ ಚರ್ಚಿನ ಪ್ಲೇಟು ಮುಂದೆ ತೊಂದರೆ ಕೊಡಲಿಲ್ಲ. ಕೃತಿ ಜಿ ಮೇಜರ್‌ನಲ್ಲಿ, ಅಂದರೆ ನಮ್ಮ ಐದು ಮನೆಯ ಶ್ರುತಿಯಲ್ಲಿ, ಇದೆಯೆಂದು ಅಚ್ಚಾದ ಸ್ವರಲಿಪಿಯೇ ಹೇಳುತ್ತದೆ. ಹಿಂದೆ ಜಾರ್ಜ್ ಥಾಲ್ಬೆನ್-ಬಾಲ್ ನುಡಿಸುವ ಆರ್ಗನ್ ಇದೆ. ಅದನ್ನು ನಮ್ಮ ಶ್ರುತಿಪೆಟ್ಟಿಗೆಯ ಐದಕ್ಕೆ ಕೂಡಿಸಿದರೆ ಮುಗಿಯಿತು. ಬೈಬಲಿನ 55ನೆಯ ಕೀರ್ತನೆಯನ್ನು ಆಧರಿಸಿದ ಈ ಕೃತಿಯ ಕೊನೆಯ ಭಾಗ, ಪಾರಿವಾಳದ ರೆಕ್ಕೆಗಳು ತನಗಿದ್ದರೆ ಹಾರಿಹೋಗುತ್ತಿದ್ದೆನೆಂದು ಹುಡುಗನೊಬ್ಬನೇ ಹಾಡಿ ಆಮೇಲೆ ವೃಂದ ಮೆಲ್ಲಗೆ ಕೂಡಿಕೊಳ್ಳುವ ಭಾಗ, ಪ್ಲೇಟಿನ ಎರಡನೆಯ ಬದಿಯಲ್ಲಿದೆ. ಸಮಯ ಸಾಲದವರು ಅದನ್ನಾದರೂ ಕೇಳಿ. ದೇವರನಾಮ ಕೇಳಿ ಬೆಳೆದ ಕಿವಿಗೆ ಅದರ ಆರ್ತತೆ ಹೊರಗಿನದು ಅನ್ನಿಸುವುದಿಲ್ಲ.

ಗೌಹರ್ ಜಾನ್ ಪ್ಲೇಟಿಗೆ ಮಾತ್ರ ಇಂತಹ ಯಾವ ಆಸರೆಯೂ ಇರಲಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜ, ಅಂದರೆ ಆಧಾರ ಸ್ವರ ‘ಸ’, ಎಲ್ಲಿರಬೇಕೆಂಬುದು ಹಾಡುವವರ ಇಷ್ಟ. ಗೌಹರ್ ಜಾನ್ ಅವರ ಮೊದಲ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ನಡೆದ ಕಾಲಕ್ಕೆ 78 ಎಂಬ ಅಂಕಿ ನಿಯಮವಾಗಿರಲಿಲ್ಲ. ಎಪ್ಪತ್ತರ ಆಚೀಚೆಯಿಂದ ಎಂಬತ್ತರವರೆಗೂ ವೇಗ ಓಡಾಡುತ್ತಿತ್ತು. ಸಾಲದೆಂಬಂತೆ, ನಮ್ಮ ಪ್ಲೇಟನ್ನು ಒಂದೇ ವೇಗದಲ್ಲಿ ತಿರುಗಿಸಿದರೆ ಹಾಡು ಮುಗಿಯುವಷ್ಟರಲ್ಲಿ ಷಡ್ಜ ಹೆಚ್ಚುಕಡಿಮೆ ಅರ್ಧ ಮನೆ ಇಳಿದಿರುತ್ತಿತ್ತು. ಕೇಳಿದ ಸ್ನೇಹಿತರೊಬ್ಬರು ‘ಗೌಹರ್ ಬಾಯಿಯವರಿಗೆ ಅಂದು ಕಂಠ ಕೂಡಲಿಲ್ಲವೇನೋ’ ಎಂದುಬಿಟ್ಟರು. ನಡುರಂಧ್ರ ಓರೆಯಾಗಿದ್ದರೆ ಪ್ರತಿ ಸುತ್ತಿಗೂ ಸ್ವರ ತೂಗಾಡಬೇಕಿತ್ತು. ಇದು ತೂಗಾಟವಲ್ಲ, ಒಂದೇ ಸಮನೆ ಇಳಿಜಾರು. ವಾರಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಹೊಳೆದದ್ದು ಹಿಂದೆ ನುಡಿಯುವ ಹಾರ್ಮೋನಿಯಂ ಕಡೆ ಕಿವಿಗೊಟ್ಟಾಗ. ಕಂಠ ಜಾರಬಹುದು, ತಂತಿ ಇಳಿಯಬಹುದು, ಆದರೆ ಹಾರ್ಮೋನಿಯಂನ ಹಿತ್ತಾಳೆಯ ರೀಡು ಮೂರು ನಿಮಿಷದಲ್ಲಿ ಅರ್ಧ ಮನೆ ಇಳಿಯಲಾರದು. ಅದೂ ಕಂಠದ ಜೊತೆಗೇ ಇಳಿಯುತ್ತಿದೆಯೆಂದರೆ, ಜಾರಿದ್ದು ಮುದ್ರಣಯಂತ್ರವೇ. ಕೊರೆಯುವ ಸೂಜಿ ಹೊರ ಅಂಚಿನಲ್ಲಿರುವಾಗ ಯಂತ್ರದ ಮೇಲಿನ ಎಳೆತ ಹೆಚ್ಚು, ಒಳಗೆ ಸರಿದಂತೆ ಕಡಿಮೆ. ಹೀಗಾಗಿ ಅದು ಕ್ರಮೇಣ ಚುರುಕಾಗಿರಬೇಕು, ಅದನ್ನೇ ಸ್ಥಿರ ವೇಗದಲ್ಲಿ ನಾವು ಕೇಳುವಾಗ ಸ್ವರ ಇಳಿಯುತ್ತದೆ. ತಂತ್ರಾಂಶದಲ್ಲಿ ಅಷ್ಟೇ ಇಳಿಜಾರನ್ನು ತಿರುಗುಮುರುಗು ಹಾಕಿದೆ. ಹಾರ್ಮೋನಿಯಂ ನೆಟ್ಟಗೆ ನಿಂತಿತು, ಬಾಯಿಯವರ ಮೇಲಿನ ಅಪವಾದವೂ ಕಳೆಯಿತು.

ಇನ್ನುಳಿದದ್ದು ಒಟ್ಟು ವೇಗ. ಷಡ್ಜ ಹಾರ್ಮೋನಿಯಂನ ಯಾವುದೋ ಒಂದು ಮನೆಯ ಮೇಲೆಯೇ ಕೂರಬೇಕು. ಪಕ್ಕದ ಮನೆಗೆ (ಕಪ್ಪು ಮನೆಗಳೂ ಸೇರಿ) ಹೋಗಲು ವೇಗವನ್ನು ಸುಮಾರು ನಾಲ್ಕೂವರೆ ಸುತ್ತು ಬದಲಿಸಬೇಕು. ಆದ್ದರಿಂದ ಸಂಶಯಕ್ಕೆ ಉಳಿಯುವುದು 73, 78, 82ರ ಆಸುಪಾಸಿನ ಮೂರೇ ಜಾಗ. ಆ ಹಾರ್ಮೋನಿಯಂ ಯಾವ ಮಟ್ಟಕ್ಕೆ ಶ್ರುತಿಗೊಂಡಿತ್ತೆಂಬುದರ ಮೇಲೆ ಇವೂ ಸ್ವಲ್ಪ ಸರಿಯುತ್ತವೆ. ಶೀರ್ಷಿಕೆಯಲ್ಲಿ ಮುಕ್ಕಾಲು ಪಾಲು ಎಂದದ್ದು ಅದಕ್ಕೇ. ಆಯ್ಕೆಗೆ ನೆರವಾದದ್ದು ಹಾಡಿನ ಕೊನೆಯ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂಬ ಘೋಷಣೆ. ಪ್ಲೇಟು ಅಚ್ಚಾಗುತ್ತಿದ್ದ ಜರ್ಮನಿಯ ಹ್ಯಾನೋವರಿನಲ್ಲಿ ಲೇಬಲ್ ಅಂಟಿಸುವವರಿಗೆ ಗುರುತು ಸಿಗಲೆಂದು ಹೇಳಿಸುತ್ತಿದ್ದ ಮಾತು ಅದು. ಹಾಡಿಗೆ ಮೋಸಹೋಗುವ ಕಿವಿ ಮಾತಿಗೆ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. 82ರಲ್ಲಿ ಅದು ಶಾಲೆಯ ಹುಡುಗಿಯ ಮಾತು, 78ರಲ್ಲಿ ಅವಸರದಲ್ಲಿರುವವರ ಮಾತು, 73ರ ಬಳಿ ಮಾತ್ರ ತನ್ನ ಹೆಸರಿನ ಬೆಲೆ ಬಲ್ಲ ಹೆಂಗಸಿನ ಮಾತು. ನನ್ನ ಮತ ಕೊನೆಯದಕ್ಕೆ. ಒಪ್ಪದವರಿಗಾಗಿ 78ರ ಪ್ರತಿಯನ್ನೂ ತರುತ್ತೇನೆ. ಅವರು 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಇಲ್ಲಿಯೇ ತೀರಿಕೊಂಡವರು. ಅವರ ಶ್ರುತಿಯ ಬಗ್ಗೆ ಮೈಸೂರಿನವರು ಒಂದು ಸಂಜೆ ಜಗಳವಾಡಿದರೆ ತಪ್ಪೇನಿಲ್ಲ.

ಈ ನಡುವೆ ಮುಂದಿನ ಕೆಲಸವೂ ಮೇಜಿಗೆ ಬಂದು ಕೂತಿದೆ: ಹಳ್ಳಿಯ ಮದುವೆಗಳಲ್ಲಿ ನಮ್ಮ ಸೋದರತ್ತೆ ಧ್ವನಿಮುದ್ರಿಸಿಕೊಂಡ ಸೋಬಾನೆ ಪದಗಳ ಕ್ಯಾಸೆಟ್ಟುಗಳು. ಸೆಲ್ಲು ಸೊರಗಿದಂತೆ ರೆಕಾರ್ಡರ್ ನಿಧಾನವಾಗಿದೆ, ಹೀಗಾಗಿ ಈಗ ಹಾಕಿದರೆ ಹಾಡು ಮುಂದುವರಿದಂತೆ ಶ್ರುತಿ ಏರುತ್ತ ಹೋಗುತ್ತದೆ. ಹಿಂದೆ ಹಾರ್ಮೋನಿಯಂ ಇಲ್ಲ, ಇರುವುದು ಹೆಂಗಸರ ಕಂಠ ಮತ್ತು ಬಳೆಗಳ ಸದ್ದು ಮಾತ್ರ. ಬರ್ಲಿನ್ನಿನ ಫೋನೋಗ್ರಾಂ ಸಂಗ್ರಹಾಲಯದವರು ಜನಪದ ಹಾಡು ಸಂಗ್ರಹಿಸಲು ಹೊರಟವರ ಕೈಗೆ ಒಂದು ಶ್ರುತಿಪೀಪಿ ಕೊಟ್ಟು, ಮೇಣದ ಸಿಲಿಂಡರಿನ ಮೇಲೆ ಮೊದಲು ಅದನ್ನು ಊದಿಸುತ್ತಿದ್ದರು. ಅತ್ತೆಯವರಿಗೆ ಅದನ್ನು ಹೇಳಿದವರು ಯಾರೂ ಇರಲಿಲ್ಲ. ಸದ್ಯಕ್ಕೆ ಹಳೆಯ ಡೆಕ್ಕಿಗೆ ಹೊಂದುವ ರಬ್ಬರ್ ಬೆಲ್ಟು ಬೇಕಾಗಿದೆ. ಸರಿಯಾದ ಅಳತೆಯದನ್ನು ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಕೂಟದ ದಿನ ತಿಳಿಸಿ. ಸ್ಟ್ರೋಬ್ ಚಕ್ರದ ಮಹಾಶಯರ ಬಳಿಯೂ ಇದೆಯಂತೆ, ಅದು ಎಲ್ಲ ಡೆಕ್ಕುಗಳಿಗೂ ಹೊಂದುತ್ತದೆಯಂತೆ.