ಗೋಕರ್ಣದ ಬೀಚ್ ನಡಿಗೆ: ತದಡಿ ಕಡೆಯಿಂದ ಶುರು ಮಾಡಿ

ಗೋಕರ್ಣದ ಬೀಚ್ ಟ್ರೆಕ್ ಅಂದರೆ ಹೆಚ್ಚಿನವರು ಊರಿನಿಂದ ಹೊರಟು ದಕ್ಷಿಣಕ್ಕೆ ನಡೆಯುತ್ತಾರೆ. ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ. ಬಾಟಲಿಯಲ್ಲಿ ನೀರಿಲ್ಲ, ಕಾಲಲ್ಲಿ ಶಕ್ತಿ ಇಲ್ಲ, ವಾಹನ ಬರುವ ರಸ್ತೆಯೂ ಇಲ್ಲ. ಆಗ ದೋಣಿಯವರು ಬಂದು ರೇಟು ಹೇಳುತ್ತಾರೆ. ನೀವು ಒಪ್ಪುತ್ತೀರಿ. ಒಪ್ಪದೆ ಏನು ಮಾಡುತ್ತೀರಿ?

ಇದನ್ನೇ ಉಲ್ಟಾ ಮಾಡಿ. ಗೋಕರ್ಣದಲ್ಲಿ ರೂಮು ಹಿಡಿದು, ಬ್ಯಾಗು ಅಲ್ಲೇ ಬಿಟ್ಟು, ಬೆಳಿಗ್ಗೆ ದಕ್ಷಿಣದ ತುದಿಯ ತದಡಿ ಕಡೆಗೆ ಹೋಗಿ. ಅಲ್ಲಿನ ಬೇಲೆಕಾನು ಬೀಚಿನಿಂದ ಉತ್ತರಕ್ಕೆ ನಡೆಯುತ್ತಾ ಬನ್ನಿ. ಈ ಬೀಚುಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿವೆ, ಬೆನ್ನಿಗೆ ಗುಡ್ಡ. ಬೆಳಗಿನ ಬಿಸಿಲು ಗುಡ್ಡದ ಆಚೆಯೇ ಉಳಿಯುತ್ತದೆ. ಪ್ಯಾರಡೈಸ್, ಹಾಫ್ ಮೂನ್ ಎರಡನ್ನೂ ನೆರಳಿನಲ್ಲೇ ದಾಟಬಹುದು. ಜನಜಂಗುಳಿ ಸಿಗುವುದು ಕೊನೆಯ ಅರ್ಧದಲ್ಲಿ. ನೀರು, ಆಟೋ, ಎಳನೀರು ಕೂಡ ಆ ಕಡೆಯೇ ಸಿಗುವುದು. ಸುಸ್ತಾದಷ್ಟೂ ಊರು ಹತ್ತಿರ ಬರುತ್ತದೆ, ಅಲ್ವಾ?

ಹೋದದ್ದು ನಾನು ಮತ್ತು ನಮ್ಮ ಅತ್ತಿಗೆ. ಅತ್ತಿಗೆಗೆ ಮಂಡಿ ನೋವಿದೆ, ಆದರೂ ಪೂರ್ತಿ ನಡೆದರು. ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆದದ್ದು ನಿಮಗೆ ಉಪಯೋಗವಾಗುವುದಿಲ್ಲ. ಸೋರುವ ನಲ್ಲಿ, ಗಟ್ಟಿ ಹಾಸಿಗೆ, ಹಲ್ಲಿ, ಇದೆಲ್ಲ ನನಗೆ ಲೆಕ್ಕಕ್ಕಿಲ್ಲ. ಸ್ಪೀಕರ್ ಹಿಡಿದುಕೊಂಡು ನಡೆಯುವ ಗುಂಪು ಮಾತ್ರ ಸಹಿಸಲಾಗುವುದಿಲ್ಲ. ನಿಮಗೆ ಅದೇ ಖುಷಿ ಅಂದರೆ ಕುಡ್ಲೆಯಲ್ಲೇ ಉಳಿದುಕೊಳ್ಳಿ, ಈ ನಡಿಗೆ ಬೇಡ.

ಈಗ ಬಸ್ಸಿನ ವಿಷಯ. ರೈಲು ಟಿಕೆಟ್ ಸಿಗದೆ ಬೆಂಗಳೂರಿನಿಂದ ಒಂದು ಖಾಸಗಿ ಸ್ಲೀಪರ್ ಬುಕ್ ಮಾಡಿದ್ದೆವು. ಟಿಕೆಟ್ಟಿನಲ್ಲಿ ಸ್ಪಷ್ಟವಾಗಿ ‘ಗೋಕರ್ಣ, ಬೆಳಿಗ್ಗೆ 6’ ಅಂತ ಇತ್ತು. ರಾತ್ರಿಯೆಲ್ಲ ಎಸಿಯಿಂದ ಅತ್ತಿಗೆಯ ಹೊದಿಕೆ ಮೇಲೆ ನೀರು ತೊಟ್ಟಿಕ್ಕಿತು. ಹೇಳಿದರೆ ಕ್ಲೀನರ್ ಹುಡುಗ ಒಂದು ಹಳೆ ಪೇಪರ್ ಮಡಚಿ ಸಂದಿಗೆ ತುರುಕಿ ಹೋದ. ಅದು ನೆನೆದು ಮೈ ಮೇಲೆ ಬಿತ್ತು. ಹೋಗಲಿ ಬಿಡಿ, ಅದನ್ನೂ ಸಹಿಸಬಹುದು.

ಬೆಳಗಿನ ಜಾವ ಐದಕ್ಕೂ ಮೊದಲು ಪರದೆ ಎಳೆದು ‘ಗೋಕರ್ಣ ಯಾರ್ರೀ, ಇಳೀರಿ ಇಳೀರಿ’ ಅಂತ ಎಬ್ಬಿಸಿದರು. ಚಪ್ಪಲಿ ಹುಡುಕುವಷ್ಟೂ ಪುರುಸೊತ್ತು ಕೊಡಲಿಲ್ಲ. ಇಳಿದು ನೋಡಿದರೆ ಊರೂ ಇಲ್ಲ, ಸಮುದ್ರವೂ ಇಲ್ಲ. ಹೆದ್ದಾರಿ, ಕತ್ತಲು, ಒಂದು ಬೋರ್ಡು: ಮಾದನಗೇರಿ. ಗೋಕರ್ಣ ಇಲ್ಲಿಂದ ಇನ್ನೂ ಸುಮಾರು ಹತ್ತು ಕಿಲೋಮೀಟರ್ ಒಳಗೆ. ಬಸ್ಸು ಗೋವಾದ್ದು, ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಒಳಗೆ ತಿರುಗುವುದೇ ಇಲ್ಲ. ‘ಲಿಂಕ್ ಗಾಡಿ ಬರುತ್ತೆ ಮೇಡಂ, ಐದೇ ನಿಮಿಷ’ ಅಂದವನು ಬಾಗಿಲು ಹಾಕಿಕೊಂಡು ಹೋದ. ಲಿಂಕ್ ಗಾಡಿ ಬರಲಿಲ್ಲ. ಟಿಕೆಟ್ಟಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ರಿಂಗ್ ಆಗಿ ಆಗಿ ಕಟ್ ಆಯಿತು.

ನಮ್ಮ ಜೊತೆ ಇಳಿದವರಲ್ಲಿ ಮೂವರು ಕಾಲೇಜು ಹುಡುಗರಿದ್ದರು. ಅಲ್ಲಿ ನಿಂತಿದ್ದ ಆಟೋದವರು ಆರುನೂರು ಅಂದರು. ಹುಡುಗರು ನಾನೂರಕ್ಕೆ ಕೇಳಿದರು, ಅವರು ತಲೆ ಅಲ್ಲಾಡಿಸಿ ಮೊಬೈಲ್ ನೋಡುತ್ತಾ ಕೂತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೊತ್ತಿಗೆ ಎದ್ದು ಬಂದು ಕಾಯುವುದೂ ಕೆಲಸವೇ. ಸಿಟ್ಟು ಇರುವುದು ‘ಗೋಕರ್ಣ’ ಅಂತ ಬರೆದು ಹೆದ್ದಾರಿ ಮಾರುವವರ ಮೇಲೆ. ನಾವು ಆಟೋ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಚಾ ಅಂಗಡಿ ಬಾಗಿಲು ತೆರೆಯಿತು, ಬೆಳಕು ಹರಿಯಿತು, ಸರ್ಕಾರಿ ಬಸ್ಸು ಬಂತು. ಚಿಲ್ಲರೆ ಕಾಸಿನಲ್ಲಿ ಊರು ಸೇರಿದೆವು. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳೂ ಸಿಕ್ಕವು. ಕಟ್ಟೆ ಮೇಲೆ ಬಿಳಿ ಗುಡ್ಡೆ ಹಾಕಿಟ್ಟಿದ್ದರು. ಆಟೋದಲ್ಲಿ ಕತ್ತಲಲ್ಲಿ ಹೋಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಆಮೇಲೆ ದೂರು ಬರೆದೆ. ‘ಡ್ರಾಪ್ ಪಾಯಿಂಟ್ ಗೋಕರ್ಣ ಕ್ರಾಸ್, ನಿಯಮಗಳನ್ನು ಓದಿ’ ಅಂತ ಉತ್ತರ ಬಂತು. ಹಾಗಾಗಿ ಬಸ್ಸು ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಬಸ್ಸು ಗೋಕರ್ಣದ ಒಳಗೆ ಹೋಗುತ್ತದಾ, ಇಲ್ಲಾ ಮಾದನಗೇರಿಯಲ್ಲಿ ಇಳಿಸುತ್ತದಾ? ರೈಲು ಸಿಕ್ಕರೆ ಈ ತಲೆನೋವೇ ಇಲ್ಲ. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಗೋಕರ್ಣ ರೋಡ್‌ನಲ್ಲಿ ನಿಲ್ಲುತ್ತದೆ. ಆ ಸ್ಟೇಷನ್ನೂ ಊರಿನಿಂದ ದೂರವೇ, ಆದರೆ ರೈಲು ಬರುವ ಹೊತ್ತಿಗೆ ಬೆಳಕಾಗಿರುತ್ತದೆ, ಆಟೋ ಹಂಚಿಕೊಳ್ಳಲು ಜನರೂ ಇರುತ್ತಾರೆ.

ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೇವಸ್ಥಾನದ ಹತ್ತಿರದ ಗಲ್ಲಿಯಲ್ಲಿ ಸಾಧಾರಣದ್ದು ಹಿಡಿದೆವು. ಶನಿವಾರ ಬಂದರೆ ಅದೇ ರೂಮಿನ ಬೆಲೆ ಎರಡು ಪಟ್ಟು ಅಂತ ಅವರೇ ನಗುತ್ತಾ ಹೇಳಿದರು. ವಾರದ ನಡುವೆ ಹೋಗಿ.

ನಡೆಯುವ ಮುನ್ನಾ ದಿನ ಮಧ್ಯಾಹ್ನ ತದಡಿಗೆ ಹೋಗಿ ಬನ್ನಿ. ದಾರಿ ನೋಡಿದ ಹಾಗೂ ಆಯಿತು, ಊಟವೂ ಆಯಿತು. ನಿಜ ಹೇಳಬೇಕೆಂದರೆ ಊಟವೇ ಮುಖ್ಯ. ತದಡಿ ಮೀನುಗಾರಿಕೆ ಬಂದರು. ಅಲ್ಲಿ ಬಂದರಿನ ರಸ್ತೆಯಲ್ಲಿ ಶೀಟಿನ ಮಾಡಿನ ಒಂದು ಖಾನಾವಳಿ. ಬೋರ್ಡು ಕಾಣಲಿಲ್ಲ. ಬಂದರಿನಲ್ಲಿ ಕೆಲಸ ಮಾಡುವವರು ಎಲ್ಲಿ ಸಾಲಾಗಿ ಸೈಕಲ್, ಬೈಕ್ ನಿಲ್ಲಿಸಿದ್ದಾರೋ ಅದೇ. ಒಳಗೆ ಎರಡು ಉದ್ದದ ಬೆಂಚು. ನಡೆಸುವ ಅಮ್ಮ ಒಬ್ಬರೇ ಅಡಿಗೆ, ಅವರ ಸೊಸೆ ಬಡಿಸುವುದು.

ಕೆಂಪು ಕುಚ್ಚಲಕ್ಕಿ ಅನ್ನ, ಅದರ ಮೇಲೆ ಬಂಗುಡೆ ಸಾರು. ಸಾರಿಗೆ ಜುಮ್ಮನಕಾಯಿ ಹಾಕಿದ್ದರು. ನಾಲಿಗೆ ತುದಿ ಸ್ವಲ್ಪ ಜುಮ್ಮೆನ್ನುವ ಆ ವಾಸನೆ ಬೆಂಗಳೂರಿನ ಯಾವ ‘ಕರಾವಳಿ ಶೈಲಿ’ ಹೋಟೆಲಿನಲ್ಲೂ ನನಗೆ ಸಿಕ್ಕಿಲ್ಲ. ಪಕ್ಕಕ್ಕೆ ತೆಂಗಿನಕಾಯಿ ತುರಿ ಹಾಕಿದ ಬಳಚಿನ ಸುಕ್ಕ. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರೂ ಗಂಡಸರೂ ಬುಟ್ಟಿ ಹಿಡಿದು ಹೋಗಿ ಆರಿಸಿ ತರುವ ಚಿಪ್ಪುಮೀನು ಅದು. ಚಿಪ್ಪು ಸಮೇತ ಬಡಿಸುತ್ತಾರೆ. ಅತ್ತಿಗೆ ಹಾಸನದವರು, ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಅವರ ತಟ್ಟೆ ಪಕ್ಕ ಚಿಪ್ಪಿನ ರಾಶಿ ನನ್ನದಕ್ಕಿಂತ ದೊಡ್ಡದಾಗಿತ್ತು. ‘ಅಕ್ಕಾ, ಇನ್ನೊಂದು ಚೂರು ಹಾಕ್ಲಾ?’ ಅಂತ ಆ ಸೊಸೆ ಕೇಳುತ್ತಲೇ ಇದ್ದಳು, ಉತ್ತರಕ್ಕೆ ಕಾಯದೆ ಹಾಕುತ್ತಲೂ ಇದ್ದಳು. ಕೊನೆಗೆ ಕುಡಿಯಲು ಮುರುಗಲ (ಕೋಕಂ) ಹುಳಿಯ ಕಡಿ, ತಣ್ಣಗೆ, ಬೆಳ್ಳುಳ್ಳಿ ವಾಸನೆ. ಇಬ್ಬರ ಊಟಕ್ಕೆ ಕೊಟ್ಟ ದುಡ್ಡಿಗೆ ಓಂ ಬೀಚಿನಲ್ಲಿ ಒಂದು ಪಾಸ್ತಾ ಬರುವುದಿಲ್ಲ. ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಹೋಗಿ ‘ಮೀನಿಲ್ಲ’ ಅಂತ ನನ್ನನ್ನು ಬೈಯಬೇಡಿ.

ಊಟ ಆದಮೇಲೆ ಬಾರ್ಜ್ ಹತ್ತಿ ಅಘನಾಶಿನಿ ಹೊಳೆ ದಾಟಿ ಆಚೆ ದಡದ ಅದೇ ಹೆಸರಿನ ಊರಿಗೆ ಹೋಗಿ ವಾಪಸ್ ಬಂದೆವು. ಸುಮ್ನೆ, ಕೆಲಸವೇನೂ ಇರಲಿಲ್ಲ. ಬೈಕುಗಳು, ಮೀನಿನ ಬುಟ್ಟಿಗಳು, ಶಾಲೆ ಮಕ್ಕಳು ಎಲ್ಲ ಅದರಲ್ಲೇ. ಅಣೆಕಟ್ಟು ಇಲ್ಲದೆ ಕಡಲು ಸೇರುವ ಹೊಳೆ ಇದು. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇದೇ ತದಡಿಯಲ್ಲಿ ಹಿಂದೆ ನಾಲ್ಕು ಸಾವಿರ ಮೆಗಾವಾಟ್ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಇತ್ತು, ಜನ ವಿರೋಧಿಸಿದರು, ನಿಂತಿತು. ಬಳಚು ತಿಂದ ಬಾಯಲ್ಲಿ ಅವರಿಗೊಂದು ಥ್ಯಾಂಕ್ಸ್ ಹೇಳಲೇಬೇಕು. ಕುಮಟಾದಿಂದಲೇ ನಡೆದು ಬರುವ ಗಟ್ಟಿಗರು ವನ್ನಳ್ಳಿ, ಕಡ್ಲೆ, ನಿರ್ವಾಣ ಬೀಚ್ ಹಾದು ಈ ಬಾರ್ಜಿನಲ್ಲೇ ಹೊಳೆ ದಾಟುತ್ತಾರೆ. ಅಷ್ಟು ಉದ್ದದ ನಡಿಗೆ ಅತ್ತಿಗೆಯ ಮಂಡಿಗೆ ಆಗುವುದಲ್ಲ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಬೇಲೆಕಾನಿಗೆ. ಮೊದಲೇ ರೇಟು ಮಾತಾಡಿ. ಒಬ್ಬರಿಗೆ ಎರಡು ಲೀಟರ್ ನೀರು ಇರಲೇಬೇಕು, ಓಂ ಬೀಚಿನವರೆಗೆ ಕೊಳ್ಳಲು ಏನಾದರೂ ಸಿಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಬೇಕು. ಬೇಲೆಕಾನು ಮೀನುಗಾರರ ಕೇರಿಯ ಬೀಚು. ಬಲೆ, ದೋಣಿ, ನಾಯಿ, ಒಣಮೀನಿನ ವಾಸನೆ. ಮೂಗು ಮುಚ್ಚಿಕೊಳ್ಳುವವರಿಗೆ ಕಷ್ಟ. ನನಗೆ ಎಲ್ಲದರಲ್ಲಿ ಇದೇ ಇಷ್ಟವಾಯಿತು.

ಬೀಚಿನ ಉತ್ತರದ ತುದಿಯಲ್ಲಿ ಕಾಲುದಾರಿ ಗುಡ್ಡ ಹತ್ತುತ್ತದೆ. ಕೆಂಪು ಮುರಕಲ್ಲು, ಗೇರು ಗಿಡ, ಅಲ್ಲಲ್ಲಿ ಕೇದಿಗೆ ಪೊದೆ. ಏರಿ ಇಳಿದರೆ ಪ್ಯಾರಡೈಸ್. ನಾವು ಹೋದಾಗ ಅಲ್ಲಿ ಟೆಂಟ್ ಮಡಚುತ್ತಿದ್ದ ನಾಲ್ಕು ಜನ, ಎರಡು ನಾಯಿ. ಹಿಂದಿನ ರಾತ್ರಿಯ ಬಾಟಲಿಗಳು ಕಲ್ಲಿನ ಸಂದಿಯಲ್ಲಿ. ಹೆಸರಿಗೆ ತಕ್ಕ ಹಾಗಿಲ್ಲ, ಆದರೆ ಆ ಹೊತ್ತಿನಲ್ಲಿ ಸದ್ದಿಲ್ಲದೆ ಇತ್ತು, ನನಗೆ ಅಷ್ಟು ಸಾಕು.

ಪ್ಯಾರಡೈಸಿನಿಂದ ಹಾಫ್ ಮೂನ್ ತನಕದ ದಾರಿಯೇ ಇಡೀ ನಡಿಗೆಯಲ್ಲಿ ಹುಷಾರಾಗಿ ಇಡಬೇಕಾದ ಹೆಜ್ಜೆ. ದೂರ ಕಡಿಮೆ. ಆದರೆ ದಾರಿ ಬಂಡೆಗಳ ಮೇಲೆ, ಒಂದೆರಡು ಕಡೆ ಕೈ ಊರಿ ಹತ್ತಬೇಕು, ಎಡಕ್ಕೆ ನೇರ ಕಡಲು. ಕೆಳಗಿನ ಬಂಡೆಗಳಲ್ಲಿ ಪಾಚಿ ಇರುತ್ತದೆ. ನೀರಿನ ಪಕ್ಕದ ಅಡ್ಡದಾರಿ ಹಿಡಿಯಬೇಡಿ, ಮೇಲಿನ ಕಾಲುದಾರಿಯಲ್ಲೇ ಹೋಗಿ. ಸೆಲ್ಫಿಗೆ ಅಂತ ಅಂಚಿಗೆ ಹೋಗುವವರನ್ನು ನೋಡಿ ಅತ್ತಿಗೆ ಗದರಿಸಿಯೇ ಬಿಟ್ಟರು. ಗೋಕರ್ಣದ ಕಡಲಿನಲ್ಲಿ ಪ್ರತಿ ವರ್ಷ ಪ್ರವಾಸಿಗರು ಮುಳುಗಿ ಸಾಯುತ್ತಾರೆ. ಓಂ ಬೀಚಿನಲ್ಲಿ ಜೀವರಕ್ಷಕರು ಇದ್ದರು, ಹಾಫ್ ಮೂನ್, ಪ್ಯಾರಡೈಸಿನಲ್ಲಿ ನಾವು ಯಾರನ್ನೂ ನೋಡಲಿಲ್ಲ. ಮಳೆಗಾಲದಲ್ಲಂತೂ ಈ ತುಂಡು ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ.

ದಾರಿಯಲ್ಲಿ ಕಲ್ಲುಗಳ ಮೇಲೆ ಬಣ್ಣದ ಬಾಣದ ಗುರುತುಗಳಿವೆ. ಎಲ್ಲವನ್ನೂ ನಂಬಬೇಡಿ. ಹಾಫ್ ಮೂನ್ ದಾಟಿದ ಮೇಲೆ ಒಂದು ನೀಲಿ ಬಾಣ ಹಿಡಿದು ಹತ್ತಿದರೆ ಅದು ಹೋಗಿ ನಿಂತದ್ದು ಒಂದು ಕೆಫೆಯ ಮೆನು ಬೋರ್ಡಿನ ಮುಂದೆ! ನಿಂಬೆ ಸೋಡಾ ಕುಡಿದು, ಅವರು ಹೇಳಿದ ದುಡ್ಡು ಕೊಟ್ಟು, ಸರಿಯಾದ ದಾರಿ ಕೇಳಿಕೊಂಡು ಇಳಿದೆವು. ಕಡಲು ಎಡಗಡೆ ಇರಲಿ, ದಾರಿ ಒಳಗೆ ಒಳಗೆ ಹೋಗುತ್ತಿದೆ ಅನ್ನಿಸಿದರೆ ವಾಪಸ್ ಬನ್ನಿ.

ಓಂ ಬೀಚು ಮೇಲಿನಿಂದ ಚಂದ. ಇಳಿದರೆ ಜೆಟ್ ಸ್ಕೀ, ಬನಾನಾ ಬೋಟ್, ಸಂತೆಯ ಗಲಾಟೆ. ನಾವು ನಿಲ್ಲಲಿಲ್ಲ. ಮಂಡಿ ಕೈಕೊಟ್ಟರೆ ಇಲ್ಲಿಂದ ಆಟೋ ಸಿಗುತ್ತದೆ, ಅಷ್ಟು ಗೊತ್ತಿದ್ದರೆ ಸಾಕು. ಓಂನಿಂದ ಕುಡ್ಲೆಗೆ ಬೋಳು ಗುಡ್ಡದ ಮೇಲಿನ ದಾರಿ. ನೆರಳು ಅನ್ನುವುದೇ ಇಲ್ಲ, ಮುರಕಲ್ಲು ಕಾದ ಕಾವಲಿ. ಹನ್ನೊಂದರ ಒಳಗೆ ದಾಟಿಬಿಡಿ. ದಾಟಿದ ಮೇಲೆ ಕುಡ್ಲೆಯಲ್ಲಿ ಎಲ್ಲಾದರೂ ನೆರಳು ಹಿಡಿದು ಮಲಗಿ. ನಾವು ಮಾಡಿದ್ದೂ ಅದನ್ನೇ, ಬಿಸಿಲು ಇಳಿಯುವವರೆಗೆ.

ಕುಡ್ಲೆಯ ಉತ್ತರದ ತುದಿಯಿಂದ ಕೊನೆಯ ಏರು. ಬೆಟ್ಟ ಅನ್ನಲು ಸಂಕೋಚವಾಗುವಷ್ಟು ಕುಳ್ಳಗಿನ ಗುಡ್ಡ. ಚಾರಣಿಗರು ಇದನ್ನು ಶಿಖರ ಅಂದರೆ ನಕ್ಕಾರು. ಆದರೂ ಮೇಲೆ ನಿಂತರೆ ಒಂದು ಕಡೆ ನಡೆದು ಬಂದ ದಾರಿಯ ಗುಡ್ಡಗಳು, ಇನ್ನೊಂದು ಕಡೆ ಗೋಕರ್ಣದ ದೊಡ್ಡ ಕಡಲ ತೀರ ಉತ್ತರಕ್ಕೆ ಗಂಗಾವಳಿ ಕಡೆ ಚಾಚಿಕೊಂಡಿರುವುದು, ತೆಂಗಿನ ನಡುವೆ ಊರಿನ ಹೆಂಚಿನ ಮಾಡುಗಳು, ಎಲ್ಲ ಒಟ್ಟಿಗೇ ಕಾಣುತ್ತವೆ. ಸಂಜೆ ಇಲ್ಲಿ ಜನ ತುಂಬುತ್ತಾರೆ. ನಾಲ್ಕು ಗಂಟೆಗೆ ಬಂದರೆ ಕೂರಲು ಒಳ್ಳೆಯ ಕಲ್ಲು ಸಿಗುತ್ತದೆ. ಕೆಳಗೆ ಇಳಿದರೆ ರಾಮತೀರ್ಥ, ಪುಟ್ಟ ರಾಮನ ಗುಡಿ. ಕಡಲಿನ ಪಕ್ಕದಲ್ಲೇ ಸಿಹಿನೀರಿನ ಒರತೆ. ಇಡೀ ದಿನ ಉಪ್ಪು ಅಂಟಿದ ಮುಖಕ್ಕೆ ಆ ನೀರು ಹಾಕಿಕೊಂಡು ಅತ್ತಿಗೆ ‘ಇದಕ್ಕೇ ಬರಬೇಕಿತ್ತು ನೋಡು’ ಅಂದರು.

ನಡೆದ ಬಟ್ಟೆಯಲ್ಲೇ ಮಹಾಬಲೇಶ್ವರನ ದರ್ಶನಕ್ಕೆ ಹೋಗುವ ಯೋಚನೆ ಬೇಡ. ಗಂಡಸರಿಗೆ ಪಂಚೆ ಬೇಕು, ಚಡ್ಡಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ರೂಮಿಗೆ ಹೋಗಿ ಸ್ನಾನ ಮಾಡಿ ಹೋಗಿ.

ವಾಪಸ್ ಬರಲು ಪಂಚಗಂಗಾ ಸಂಜೆ ಹೊತ್ತಿಗೆ ಗೋಕರ್ಣ ರೋಡ್‌ಗೆ ಬರುತ್ತದೆ. ಹಾಗಾಗಿ ನಡೆದ ದಿನವೇ ಹೊರಡುವ ಯೋಜನೆ ಹಾಕಬೇಡಿ, ಗುಡ್ಡದ ಮೇಲೆ ಕೂರುವ ಸಮಯ ಹೋಗುತ್ತದೆ. ಮರುದಿನದ್ದು ಮಾಡಿ. ಬುಕಿಂಗ್ ತೆರೆದ ದಿನವೇ ಮೊದಲು ವಾಪಸ್ ಟಿಕೆಟ್ ತೆಗೆಯಿರಿ. ವಾರದ ಕೊನೆಯ ಸೀಟುಗಳು ಖಾಲಿಯಾಗುವುದು ಬೆಂಗಳೂರು ಕಡೆಗೇ ಬೇಗ. ಅದು ಸಿಗದಿದ್ದರೆ ಮತ್ತೆ ಮಾದನಗೇರಿಯಲ್ಲಿ ನಿಂತು ಸ್ಲೀಪರ್ ಬಸ್ಸು ಕಾಯುವುದೇ ಗತಿ, ಅದೂ ಹೇಳಿದ ಟೈಮಿಗೆ ಬಂದರೆ.